ಶಾಲೆ ಗೋಡೆ ಮೇಲಿನ ಮೆಗೆಲನ್ ಜಲಸಂಧಿ

ಗೆಳೆಯ ಓಬಳೇಶ,

ಚಳ್ಳಕೆರೆಯ ಗುಜರಿ ಅಂಗಡೀಲಿ ಆ ನಕ್ಷೆ ಸಿಕ್ಕಿದ ದಿನ ನೆನಪೈತಾ? ಎಣ್ಣೆ ಮಿಲ್ಲಿನ ಬೋರ್ಡ್ ಬರೆಯೋಕೆ ಹಳೇ ತಗಡು ಹುಡುಕ್ತಿದ್ವಿ. ನೀನು ರದ್ದಿ ರಾಶಿಯಿಂದ ಒಂದು ದೊಡ್ಡ ಹಾಳೆ ಎಳೆದೆ. ನೂರಾರು ವರ್ಷದ ಹಿಂದಿನ ನಕ್ಷೆಯ ಅಚ್ಚು. ದಕ್ಷಿಣ ಅಮೆರಿಕದ ತುದೀಲಿ ಎರಡು ಸಾಗರ ಕೂಡಿಸೋ ಇಕ್ಕಟ್ಟಾದ ನೀರಿನ ದಾರಿ, ಮೆಗೆಲನ್ ಜಲಸಂಧಿ. ಒಂದು ದಡ ಪೂರ್ತಿ ಇತ್ತು, ಇನ್ನೊಂದು ಅರ್ಧಕ್ಕೇ ನಿಂತಿತ್ತು.

‘ಹಾಳೆ ಹಾಳಾಗೈತೆ, ಬಿಡೋ’ ಅಂದೆ ನಾನು.

‘ಹಾಳಾಗಿಲ್ಲ ಕಣಲೇ. ನಕ್ಷೆ ಬರೆದೋನು ತಾನು ಕಾಣದ್ದನ್ನ ಬರೀದೆ ಬಿಟ್ಟವ್ನೆ. ಎಂಥ ನಿಯತ್ತಿನ ಮನುಷ್ಯ’ ಅಂದೆ ನೀನು.

ಫ್ಲೆಕ್ಸ್ ಬಂದು ನಮ್ಮ ಬೋರ್ಡ್ ಕೆಲಸ ನಿಂತಾಗ, ಬಿ.ಜಿ. ಕೆರೆ ಹತ್ರದ ಹಳ್ಳಿ ಶಾಲೇಲಿ ಮಗ್ಗಿ, ಕಾಗುಣಿತ ಬರೆಯೋಕೆ ಹೋದ್ವಿ. ಉಳಿದ ಒಂದು ಗೋಡೆಗೆ ನೀನು ಯಾರನ್ನೂ ಕೇಳದೆ ಆ ಜಲಸಂಧಿ ಬರೆದುಬಿಟ್ಟೆ. ಹೆಡ್‌ಮಾಸ್ಟ್ರು ನೋಡಿ, ‘ಇದು ಪಾಠದಲ್ಲಿಲ್ಲ. ಸುಣ್ಣ ಹೊಡೀರಿ’ ಅಂದ್ರು. ಬೇರೆ ಶಾಲೆಗಳ ಕೆಲಸಾನೂ ಅವರೇ ಕೊಡಿಸಬೇಕಿತ್ತು. ನಾನು ಸುಣ್ಣದ ಬಕೆಟ್ಟಿಗೆ ಕೈ ಹಾಕಿದೆ. ನೀನು ಮಾತ್ರ ಮೆತ್ತಗೆ, ‘ಮಕ್ಕಳಿಗೊಂದು ಸಲ ಇದರ ಕತೆ ಹೇಳ್ತೀನಿ ಸಾರ್, ನೀವೂ ಕೇಳ್ರಿ. ಆಮೇಲೆ ಸುಣ್ಣ ನಾನೇ ಹೊಡೀತೀನಿ’ ಅಂದೆ.

ಎಲ್ಲೆಲ್ಲಿ ಓದಿದ್ದೆಯೋ ಅದನ್ನೆಲ್ಲ? ಬೆಟ್ಟದಿಂದ ಧುಮುಕೋ ಗಾಳಿ, ದಾರಿ ಅಂತ ನುಗ್ಗಿದ ಕಡೆ ಬಂಡೆ, ದಡದಾಗೆ ಯಾರೋ ಹಚ್ಚಿದ ಬೆಂಕಿ. ಜೊತೆಗೆ ಬಂದಿದ್ದ ಒಂದು ಹಡಗು ಹೇಳದೆ ಕೇಳದೆ ತಿರುಗಿ ಹೋಯ್ತು. ಮುಂದೆ ಹೋದ ಸಣ್ಣ ದೋಣಿ ವಾಪಸ್ ಬಂದು ‘ಆಚೆ ಸಮುದ್ರ ಐತೆ’ ಅಂದಾಗ ಕಪ್ತಾನ ಮೆಗೆಲನ್ ಅತ್ತುಬಿಟ್ಟನಂತೆ. ಕುರಿ ಕಾಯೋ ಮನೆ ಮಕ್ಕಳು, ಸಮುದ್ರ ಕಂಡವೇ ಅಲ್ಲ, ಉಸಿರು ಬಿಗಿಹಿಡಿದು ಕೂತಿದ್ವು. ಮೊದಲು ಬಾಯಿಬಿಟ್ಟಿದ್ದು ಹೆಡ್‌ಮಾಸ್ಟ್ರೇ. ‘ತಿರುಗಿ ಹೋದ ಹಡಗು ಏನಾಯ್ತ್ರಿ?’

‘ಊರು ಸೇರ್ತು ಸಾರ್. ಆಚೆ ಸಮುದ್ರ ಮಾತ್ರ ನೋಡ್ಲಿಲ್ಲ.’

ಸುಣ್ಣದ ಮಾತು ಅವರು ಮತ್ತೆ ಎತ್ತಲಿಲ್ಲ. ನಾನು ನಿನ್ನನ್ನೇ ನೋಡ್ತಾ ನಿಂತಿದ್ದೆ. ಇಂಥೋನ ಜೊತೆ ಇಷ್ಟು ವರ್ಷ ಒಂದೇ ಏಣಿ ಹೊತ್ತು ತಿರುಗಿದ್ನಲ್ಲ ಅಂತ...

ನೀನು ಎದೆನೋವಲ್ಲಿ ಹೋದ ಮೇಲಿನ ಸುದ್ದಿ ಹೇಳ್ತೀನಿ ಕೇಳು. ನಿನ್ನ ಜಲಸಂಧಿ ಇದ್ದ ಆ ಶಾಲೆ ಕೋಣೆ ಬಿರುಕು ಬಿಟ್ಟು, ಈ ಬೇಸಿಗೇಲಿ ಕೆಡವಿದ್ರು. ಹೆಡ್‌ಮಾಸ್ಟ್ರು ಫೋನ್ ಮಾಡಿ, ‘ಹೊಸ ಕೋಣೇಲಿ ಒಂದು ಗೋಡೆ ಬಿಟ್ಟೀವಿ, ಬಂದು ಅದನ್ನೇ ಮತ್ತೆ ಬರೀರಿ’ ಅಂದ್ರು. ನಾನೇನು ಬರೀಲಿ? ಜೀವಮಾನವೆಲ್ಲ ಅಕ್ಷರ ಬರೆದೋನು, ಚಿತ್ರ ನಿನ್ನದೇ ಅಲ್ವಾ? ಮೊಳಕಾಲ್ಮೂರಿಗೆ ಬಸ್ ಹತ್ತಿ ನಿನ್ನ ಮಗಳು ರೇಣುಕನ ಮನೆಗೆ ಹೋದೆ. ಅವಳೀಗ ರೇಷ್ಮೆ ಸೀರೆಯ ಸೆರಗಿಗೆ ಚೌಕದ ಹಾಳೆ ಮೇಲೆ ಡಿಸೈನ್ ಬರೀತಾಳೆ, ನೀನು ಹೋದ ಮೇಲೆ ಕಲಿತಿದ್ದು. ‘ನನ್ನ ಕೈಲಾಗ್ತದಾ ಚಿಕ್ಕಪ್ಪ?’ ಅಂತ ಹಿಂದೆಮುಂದೆ ನೋಡಿದ್ಲು. ನಿಮ್ಮಪ್ಪನ ಕೆಲಸ ತಾನೇ, ಹೋಗು ಅಂತ ಅವಳತ್ತೆ ತೆಲುಗಿನಾಗೆ ಗದರಿಸಿ ಕಳಿಸಿದ್ರು.

ಗುಜರಿಯಿಂದ ತಂದ ಆ ಹಳೇ ಹಾಳೆ ನೋಡ್ಕೊಂಡು, ಗೋಡೆಗೆಲ್ಲ ಚೌಕ ಹಾಕ್ಕೊಂಡು, ದಡದ ಒಂದೊಂದು ಕೊರಕಲನ್ನೂ ಇಳಿಸಿದ್ಲು ಕಣೋ. ನಾನು ಬರೀ ಬಣ್ಣ ಕಲಸಿಕೊಟ್ಟೆ. ನಾವಿಬ್ಬರೂ ಯಾವ ಬೋರ್ಡಿಗೂ ನಮ್ಮ ಹೆಸರು ಹಾಕಿದೋರಲ್ಲ. ಅವಳು ಹಾಕಿದ್ಲು: ‘ರೇಣುಕ, ಪೇಂಟರ್ ಓಬಳೇಶಪ್ಪನ ಮಗಳು.’ ಅಕ್ಷರ ಒಂಚೂರು ವಾಲೈತೆ. ನಾನು ತಿದ್ದಲಿಲ್ಲ.

ನಿನ್ನ
ತಿಪ್ಪೇಸ್ವಾಮಿ