ಎಂಟು ಸೆಕೆಂಡಿನ ಬಲೂನು

ರೀ,

ಹಡಗಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ? ಇಲ್ಲಿ ನಾನೊಂದು ಎಡವಟ್ಟು ಮಾಡಿಕೊಂಡೆ. ಬಸ್ ನಿಲ್ದಾಣದ ದೊಡ್ಡ ಪರದೆಯಲ್ಲಿ ತೇಲಿಹೋಗುವ ಬಲೂನಿನೊಳಗೆ ಜಾಹೀರಾತಿನ ವಿಡಿಯೊ ಓಡಬೇಕಿತ್ತು. ಸರಿ ಬರುತ್ತದೋ ನೋಡೋಣವೆಂದು ನೀವು ಹೊರಟ ದಿನದ ವಿಡಿಯೊ ಹಾಕಿದ್ದೆ. ತೆಗೆಯಲು ಮರೆತೆ.

“ಬಲೂನಲ್ಲಿ ಕೈ ಬೀಸ್ತಿರೋ ಈ ಆಸಾಮಿ ಯಾರಮ್ಮ?” ಎಂದರು ಮ್ಯಾನೇಜರ್.

“ನಮ್ಮನೆಯವರು, ಸರ್.”

“ಜಾಹೀರಾತು ಬರೋವರೆಗೂ ಇರ್ಲಿ ಬಿಡು.”

ವಿಡಿಯೊ ಹನ್ನೆರಡು ಸೆಕೆಂಡಿನದು. ಬಲೂನು ಎಂಟರಲ್ಲೇ ಪರದೆ ದಾಟಿಬಿಡುತ್ತದೆ, ವಿಡಿಯೊ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಬಲೂನು ತೇಲಿಸಲು ನಾನು ಬರೆದ ಕಂಪ್ಯೂಟರ್ ಸ್ಕ್ರಿಪ್ಟಿನಲ್ಲಿ ಒಂದೇ ಒಂದು ಅಂಕಿ ಬದಲಿಸಿದರೆ ನಿಧಾನವಾಗಿ ತೇಲುತ್ತದೆ, ವಿಡಿಯೊ ಪೂರ್ತಿ ಕಾಣುತ್ತದೆ. ನಾನು ಬದಲಿಸಿಲ್ಲ. ಉಳಿದ ನಾಲ್ಕು ಸೆಕೆಂಡಿನಲ್ಲಿ ನೀವು ಚೀಲ ಎತ್ತಿಕೊಂಡು ಗೇಟು ದಾಟುತ್ತೀರಿ.

ರಜೆ ಯಾವಾಗ ಎಂದು ಬರೆಯಿರಿ.

ನಿಮ್ಮವಳು