ಬೆಳ್ಳನೆಯ ಸಾಬಕ್ಕಿ

ಓಮಲೂರು, ಶುಕ್ರವಾರ

ಕರ್ತನಲ್ಲಿ ಪ್ರಿಯರಾದ ಪಾಸ್ಟರಯ್ಯನವರಿಗೆ, ಸುಗಂಧಿಯ ವಂದನೆಗಳು.

ಈ ಭಾನುವಾರದಿಂದ ಸಂಡೇ ಸ್ಕೂಲಿಗೆ ಬೇರೆ ಟೀಚರನ್ನು ನೋಡಿಕೊಳ್ಳಿ. ಕಾರಣ ಬೇರೆಯವರ ಬಾಯಿಂದ ನಿಮ್ಮ ಕಿವಿಗೆ ಬೀಳುವ ಮೊದಲು ನಾನೇ ಬರೆಯುತ್ತಿದ್ದೇನೆ.

ನಮ್ಮ ಸಭೆಯ ಹಿರಿಯರಾದ ಜಯಶೀಲನ್ ಅವರ ಸಾಬಕ್ಕಿ ಮಿಲ್ಲಿನಲ್ಲಿ ಸರಕು ಪರೀಕ್ಷಿಸಿ ಸಹಿ ಹಾಕುವುದು ನನ್ನ ಕೆಲಸ. ಕಳೆದ ತಿಂಗಳಿಂದ ಅಲ್ಲಿ ಸಾಬಕ್ಕಿ ಬೆಳ್ಳಗಾಗಲೆಂದು ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಸುರಿಯುತ್ತಿದ್ದಾರೆ. ಅದನ್ನು ಕಲಕುವ ಹೆಂಗಸರ ಅಂಗೈ ಸುಲಿದುಹೋಗಿದೆ. ಆದರೂ ‘ರಾಸಾಯನಿಕ ಇಲ್ಲ’ ಎಂದು ನಾನು ಎರಡು ಸಲ ಸಹಿ ಹಾಕಿದೆ.

ಬುಧವಾರ ಜಯಶೀಲನ್ ಅವರು ಮೂರನೆಯ ಸಲ ಕಾಗದ ತಂದಾಗ ಕೇಳಿದೆ: “ಅಣ್ಣಾ, ಇದನ್ನ ನಿಮ್ಮನೇಲಿ ತಿಂತೀರಾ?”

ಅವರು ನಕ್ಕರು. “ನಮ್ಮನೇಗೆ ಬೇರೆ ಮೂಟೆ ಐತಮ್ಮಾ. ನೀನು ಸೈನ್ ಆಕು, ಕರ್ತರು ಮನ್ನಿಸ್ತಾರೆ.”

ಆ ಬಾಯಲ್ಲಿ ಕರ್ತನ ಹೆಸರು ಕೇಳಿ ನನಗೆ ಅಸಹ್ಯವಾಯಿತು. ಅದೇ ಬಾಯಿಯ ಮಾತಿಗೆ ಎರಡು ಸಲ ತಲೆಯಾಡಿಸಿದ್ದೆನಲ್ಲ ಎಂದು ನನ್ನ ಮೇಲೂ ಹೇಸಿಗೆಯಾಯಿತು. ಕಾಗದ ಅಲ್ಲೇ ಬಿಟ್ಟು ಹೊರಬಂದೆ.

ನಿನ್ನೆ ಸೇಲಂಗೆ ಹೋಗಿ ಆಹಾರ ಸುರಕ್ಷತೆಯ ಆಫೀಸಿನಲ್ಲಿ ಎಲ್ಲವನ್ನೂ, ನನ್ನ ಸುಳ್ಳು ಸಹಿಗಳನ್ನೂ ಸೇರಿಸಿ, ಬರೆದುಕೊಟ್ಟೆ. ಇವತ್ತು ಬೆಳಿಗ್ಗೆ ಅಧಿಕಾರಿಗಳು ಬಂದು ಗೋದಾಮಿಗೆ ಸೀಲ್ ಹಾಕಿದರು. ನನ್ನ ಮೇಲೂ ಕೇಸು ಬರಬಹುದು. ಬರಲಿ.

ಭಾನುವಾರ ನಾನು ಚರ್ಚಿಗೆ ಬಂದರೂ ಪ್ರಭುಭೋಜನ ತೆಗೆದುಕೊಳ್ಳುವುದಿಲ್ಲ; ಮೊದಲು ಆ ಹೆಂಗಸರ ಹತ್ತಿರ ಕ್ಷಮೆ ಕೇಳಬೇಕು. ಆದರೆ ದ್ರಾಕ್ಷಾರಸ ಹಂಚುವ ಪಾತ್ರೆಯನ್ನು ಆ ಹಿರಿಯರ ಕೈಗೆ ಕೊಡಬೇಡಿ ಅಯ್ಯಾ. ಕೊಟ್ಟರೆ, ತೊಟ್ಟಿಗೆ ಪೌಡರ್ ಸುರಿಸಿದ ಕೈಯಿಂದಲೇ ಉಳಿದವರೆಲ್ಲ ಅದನ್ನು ಕುಡಿಯಬೇಕಾಗುತ್ತದೆ.

ನಿಮ್ಮ ಸಭೆಯ
ಸುಗಂಧಿ