ಕಾಂಚನರ ಮನೆಯ ಗಾಜುಹೂ

ಸುರತ್ಕಲ್ ದಿಬ್ಬ
ಕಡಲು ಬಿತ್ತಿದ ಎಂಬತ್ತೆಂಟನೆಯ ವರ್ಷ, ಎರಡನೆಯ ಆಷಾಢದ ಮೂವತ್ತಾರನೆಯ ದಿನ

ನನ್ನ ಅಜ್ಜನ ಅಜ್ಜನವರಾದ ದಯಾಕರ ಕಾಂಚನರಿಗೆ,

ನಮ್ಮ ಮಾತು ವಿಚಿತ್ರವೆನಿಸಿದರೆ ಮನ್ನಿಸಬೇಕು ಎಂದು ಹಿಂದೋಲೆ ಶುರುಮಾಡುವುದು ಇಲ್ಲಿಯ ಪದ್ಧತಿ. ಪದ್ಧತಿಗಾಗಿ ಬರೆದಿದ್ದೇನೆ, ಮನಸ್ಸಿನಿಂದಲ್ಲ. ಹಿಂದೋಲೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. ಒಂದು ಮನೆತನಕ್ಕೆ ಒಂದೇ ಸಲ ಸಿಗುತ್ತದೆ. ಪಾಚಿಯಿಂದ ಮಾಡಿದ ಈ ಹಸಿರು ಹಾಳೆ ನೆನೆಯುವುದಿಲ್ಲ, ಹರಿಯುವುದಿಲ್ಲ. ನಿಮ್ಮ ಕಾಲದಲ್ಲಿ ಇಂಥದ್ದು ಇರಲಿಲ್ಲ, ಆದ್ದರಿಂದ ಯಾರೋ ತಮಾಷೆಗೆ ಬರೆದದ್ದು ಎಂದು ನಗಬೇಡಿ. ಬೇರೆ ಮನೆಯವರು ಇದರಲ್ಲಿ ಹಿರಿಯರ ಆಶೀರ್ವಾದ ಬೇಡುತ್ತಾರೆ, ಮರೆತುಹೋದ ಅಡುಗೆ ಕೇಳುತ್ತಾರೆ. ಲೋಲಾಕ್ಷಿ ಎಂಬ ನಾನು ನಮ್ಮ ಮನೆಯ ಒಂದೇ ಒಂದು ಓಲೆಯನ್ನು ನಿಮಗೆ ಬೈಯಲು ಬಳಸುತ್ತಿದ್ದೇನೆ.

ಇದು ತಲುಪುವಾಗ ನಿಮ್ಮ ಹೊಸ ಫ್ಲ್ಯಾಟಿನ ಹಾಲ್‌ನಲ್ಲಿ ಗಾಜಿನ ತೊಟ್ಟಿ ಬಂದು ಕೂತಿರುತ್ತದೆ. ನಿಮ್ಮ ಅತ್ತೆಯ ಮನೆಯವರು ಕೊಟ್ಟ ತೇಗದ ಮೇಜು, ಅದರ ಒಂದು ಕಾಲು ಗಿಡ್ಡ. ಉಪ್ಪುನೀರು ಕದಡಿ ಇಟ್ಟಿದ್ದೀರಿ, ಮರಳು ತೊಳೆದಿದ್ದೀರಿ, ನೀರು ತಿರುಗಿಸುವ ಪುಟ್ಟ ಮೋಟಾರು ತಂದಿದ್ದೀರಿ. ಬಾಲ್ಕನಿಯ ಬಕೆಟಿನಲ್ಲಿ ಒದ್ದೆ ಗೋಣಿಯ ಕೆಳಗೆ ಜೀವಕಲ್ಲು ಇದೆ. ನೀವು ಅದನ್ನು ಲೈವ್ ರಾಕ್ ಎನ್ನುತ್ತಿದ್ದಿರಂತೆ. ತೂತು ತೂತಾದ ಆ ಕಲ್ಲಿನೊಳಗೆ ಕಣ್ಣಿಗೆ ಕಾಣದ ಜೀವಗಳು ತುಂಬಿರುತ್ತವೆ, ಮೀನಿನ ಹೊಲಸನ್ನು ತಿಂದು ನೀರನ್ನು ಹದವಾಗಿಡುವುದು ಅವೇ. ಅದನ್ನು ಮೊದಲು ಬೇರೆ ಉಪ್ಪುನೀರಿನಲ್ಲಿ ಒಂದು ತಿಂಗಳು ಇಟ್ಟು, ಭೂತಗನ್ನಡಿ ಹಿಡಿದು ಒಂದೊಂದೇ ತೂತು ನೋಡಬೇಕು. ಆದರೆ ತಾಳ್ಮೆ ನಿಮ್ಮ ಹತ್ತಿರ ಸುಳಿದದ್ದೇ ಇಲ್ಲ. ಭಾನುವಾರ ನೆಂಟರು ಬರುತ್ತಾರೆ, ಅಷ್ಟರಲ್ಲಿ ಕಿತ್ತಳೆ ಬಣ್ಣದ ಮೀನು ಓಡಾಡಬೇಕು, ಎಲ್ಲರೂ ಭೇಷ್ ಎನ್ನಬೇಕು. ಅಷ್ಟೇ ತಾನೇ ನಿಮಗೆ ಬೇಕಾದದ್ದು?

ಆ ಕಲ್ಲಿನ ಒಂದು ತೂತಿನಲ್ಲಿ ಗಾಜುಹೂ ಇದೆ. ಹೂವಲ್ಲ ಅದು, ಪ್ರಾಣಿ. ಕಂದು ಕಾಂಡ, ಗಾಜಿನಂಥ ಎಸಳು, ಪಕ್ಕದ ಜೀವಗಳನ್ನೆಲ್ಲ ಕುಟುಕಿ ಸಾಯಿಸುತ್ತದೆ. "ಕಲ್ಲಲ್ಲಿ ಹೂ ಬಿಟ್ಟಿದೆ, ನೋಡಿ ಮಾರಾಯ್ರೇ!" ಎಂದು ನೀವು ಓಣಿಯನ್ನೆಲ್ಲ ಕರೆದದ್ದು ನಮ್ಮ ಮನೆಯಲ್ಲಿ ಇಂದಿಗೂ ಹೇಳುವ ಮಾತು. ಮೀನು ಸತ್ತ ಮೇಲೆ ಅದನ್ನು ಚೂರಿಯಿಂದ ಕೆರೆದಿರಿ. ಕೆರೆದ ಒಂದೊಂದು ಚೂರೂ ಒಂದೊಂದು ಗಾಜುಹೂವಾಯಿತು. ನಿಮ್ಮ ಅಮ್ಮನ ಎಲೆಅಡಿಕೆ ತಟ್ಟೆಯ ಸುಣ್ಣ ಒಂದು ಚಿಟಿಕೆ ಅದರ ಬಾಯಿಗೆ ಮೆತ್ತಿದ್ದರೆ ಅಂದೇ ಮುಗಿಯುತ್ತಿತ್ತು. ನೀವೇನು ಮಾಡಿದಿರಿ? ಕಲ್ಲನ್ನೇ ಒಡೆದು ಸ್ನೇಹಿತರಿಗೆಲ್ಲ ಹಂಚಿದಿರಿ. ದೊಡ್ಡ ದಾನಶೂರರು!

ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಕಡಲೊಳಗಿನ ಹವಳವೆಲ್ಲ ಬೂದಿಯಾಯಿತು, ಮೀನು ಹೋಯಿತು. ಮನೆಗಳ ತೊಟ್ಟಿಯಲ್ಲಿ ಉಳಿದಿದ್ದ ಜೀವಕಲ್ಲುಗಳಿಂದಲೇ ಕಡಲನ್ನು ಮತ್ತೆ ಬಿತ್ತಬೇಕಾಯಿತು. ಸತ್ತ ಕಲ್ಲಿನ ಪಕ್ಕ ಜೀವಕಲ್ಲು ಇಟ್ಟರೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ, ಅದಕ್ಕೂ ಜೀವ ಹತ್ತುತ್ತದೆ. ಹೀಗೆ ಕೊಡುವ ಕಲ್ಲಿಗೆ ಹೆಪ್ಪುಗಲ್ಲು ಎನ್ನುತ್ತೇವೆ. ಇಲ್ಲಿ ಹೆಣ್ಣು ಕೊಡುವಾಗ ಹೆಪ್ಪುಗಲ್ಲು ಕೊಡುತ್ತಾರೆ, ಜಗಳ ಮುಗಿದಾಗ ಕೊಡುತ್ತಾರೆ. ಪ್ರಾಯಕ್ಕೆ ಬಂದವರು ತಮ್ಮ ಮನೆಯ ಕಲ್ಲನ್ನು ಕಡಲಿಗೆ ಇಳಿಸಬೇಕು. ಇಳಿಸಿದವರಿಗೆ ಮಾತ್ರ ದೋಣಿ ಹತ್ತುವ ಹಕ್ಕು.

ಗಾಜುಹೂ ಹಂಚಿದ ಮನೆ ಎಂದು ನಮ್ಮಿಂದ ಯಾರೂ ಕಲ್ಲು ತೆಗೆದುಕೊಳ್ಳುವುದಿಲ್ಲ, ನಮಗೆ ಯಾರೂ ಕೊಡುವುದಿಲ್ಲ. "ನಿಮ್ಮ ಮನೆಯ ಕಲ್ಲು ಬೇಡ ಮಾರಾಯ್ತಿ, ಬೇಜಾರು ಮಾಡ್ಬೇಡಿ" ಎಂದು ಪಕ್ಕದ ಮನೆಯ ಸುಗಂಧಿ ನಗುನಗುತ್ತಲೇ ಬಾಗಿಲು ಹಾಕಿಕೊಂಡಳು. ಮೀನುಗಾರರ ಮನೆತನದಲ್ಲಿ ಹುಟ್ಟಿ ನನ್ನ ಅಜ್ಜ ದೋಣಿ ಹತ್ತಲಿಲ್ಲ, ಅಪ್ಪ ಹತ್ತಲಿಲ್ಲ, ನಾನು ಹತ್ತಲಿಲ್ಲ. ನನ್ನ ಮಗಳು ಅಬ್ಧಿಗೆ ಹತ್ತಲೇಬೇಕೆಂಬ ಹಟ. ನಾಳೆ ಊರವರು ಅವಳ ಕಲ್ಲು ನೋಡಲು ಬರುತ್ತಾರೆ. ಒಂದು ಗಾಜುಹೂ ಕಂಡರೂ ಸಾಕು, ನಡುಬೀದಿಯಲ್ಲಿ ಹಂಡೆ ಇಟ್ಟು ಕಲ್ಲನ್ನು ಬೇಯಿಸುತ್ತಾರೆ. ವರ್ಷವಿಡೀ ಅವಳು ಸುಣ್ಣ ಮೆತ್ತಿದ್ದಾಳೆ, ಬೆರಳ ತುದಿಯೆಲ್ಲ ಸುಟ್ಟು ಬಿಳಿಚಿದೆ. ಹೊರಗಿನವು ಸಾಯುತ್ತವೆ, ತೂತಿನ ಆಳದಿಂದ ಮತ್ತೆ ತಲೆ ಎತ್ತುತ್ತವೆ. ಆ ಬೆರಳುಗಳನ್ನು ನೋಡಿದಾಗಲೆಲ್ಲ ನಿಮ್ಮ ಮೇಲೆ ಮೈಯೆಲ್ಲ ಉರಿಯುತ್ತದೆ.

ಆದ್ದರಿಂದ ಕೇಳುತ್ತೇನೆ, ಬೇಡುವುದಿಲ್ಲ: ಆ ಕಲ್ಲನ್ನು ಇವತ್ತು ತೊಟ್ಟಿಗೆ ಹಾಕಬೇಡಿ. ತಿಂಗಳು ಕಾಯಿರಿ. ಸುಣ್ಣ ಮೆತ್ತಿರಿ. ನೆಂಟರು ಖಾಲಿ ನೀರು ನೋಡಿಕೊಂಡು ಚಹಾ ಕುಡಿದು ಹೋಗಲಿ.

ಇಷ್ಟು ಬರೆದು ಓಲೆ ಮುಗಿಸುವವಳಿದ್ದೆ. ಅಷ್ಟರಲ್ಲಿ ಅಬ್ಧಿ ಕರೆದಳು. ನಾಳೆ ಬರುವವರ ಕಣ್ಣಿಗೆ ಚೊಕ್ಕಟವಾಗಿ ಕಾಣಲಿ ಎಂದು ನಿಮ್ಮ ಅದೇ ತೇಗದ ಮೇಜನ್ನು ಉಜ್ಜುತ್ತಿದ್ದಳು. ಅದರ ಕಾಲುಗಳ ಬುಡದಲ್ಲಿ ತಲೆಮಾರುಗಳ ಉಪ್ಪು ಗಟ್ಟಿಯಾಗಿ ಕೂತಿತ್ತು. ಕೆರೆದಳು. "ಅಮ್ಮಾ, ಇದೆಂತದು ಇಲ್ಲಿ ಸಿಕ್ಕಿಕೊಂಡದ್ದು?" ಎಂದಳು. ಬಗ್ಗಿ ನೋಡಿದೆ. ಗಿಡ್ಡ ಕಾಲಿನ ಕೆಳಗೆ ಮಡಿಚಿ ತುರುಕಿದ ಹಸಿರು ಹಾಳೆ. ನೆನೆದಿಲ್ಲ, ಹರಿದಿಲ್ಲ. ಮಡಿಕೆಯ ಅಂಚಿನಲ್ಲಿ ನನ್ನ ಅಕ್ಷರ.

ಓದಿದಿರೋ, ಓದದೆಯೇ ಮಡಿಚಿದಿರೋ, ದೇವರೇ ಬಲ್ಲ. ಏನೋ ಹಳೇ ಕಾಗದ ಎಂದು ಅವಳಿಗೆ ಹೇಳಿದೆ. ಅವಳು ಮತ್ತೆ ಸುಣ್ಣದ ಬಟ್ಟಲು ಹಿಡಿದು ಕಲ್ಲಿನ ಮುಂದೆ ಕೂತಿದ್ದಾಳೆ. ನಾನು ಒಲೆಯ ಮೇಲೆ ನಮ್ಮದೇ ಹಂಡೆ ಇಟ್ಟು ನೀರು ತುಂಬಿಸಿದ್ದೇನೆ. ಬೇಯಿಸಲೇಬೇಕಾದರೆ ನಾವೇ ಬೇಯಿಸುತ್ತೇವೆ, ಬೀದಿಯವರ ಕೈಗೆ ಕೊಡುವುದಿಲ್ಲ.

ಆದರೂ ಈ ಓಲೆ ಕಳಿಸುತ್ತಿದ್ದೇನೆ. ನಿಮ್ಮ ಮೇಜಾದರೂ ಅಲುಗಾಡದೆ ನಿಲ್ಲಲಿ. ಹಿಂದಿನ ಎಡಗಾಲು. ನಾಲ್ಕು ಮಡಿಕೆ ಸಾಕು.

ಲೋಲಾಕ್ಷಿ ಕಾಂಚನ್